ಖಾಲಿ ಚೀಲಕ್ಕೇ ಇಷ್ಟು ಭಾರ ಯಾಕೆ?

ಹೋದ ತಿಂಗಳು ಪ್ರಯಾಣದ ಬಗ್ಗೆ ಎಂತಾದ್ರೂ ಕೇಳಿ ಅಂತ ಬರೆದದ್ದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬ್ಯಾಗಿನದ್ದೇ ಮಾರಾಯ್ರೆ. ನಾಲ್ಕನ್ನು ಹೆಕ್ಕಿದ್ದೇನೆ.

ಪ್ರಶ್ನೆ: ನಮಸ್ಕಾರ. ನಾನು ರಿಟೈರ್ ಆದ ಟೀಚರ್, ಬದಿಯಡ್ಕ ಹತ್ತಿರ ಮನೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಮಗಳ ಮನೆಗೆ ಹೋಗಿ ಎರಡು ದಿನ ನಿಂತು ಬರ್ತೇನೆ. ಕಾಸರಗೋಡಿಗೆ ಬಸ್ಸು, ಅಲ್ಲಿಂದ ರಾತ್ರಿ ಟ್ರೈನು, ಬೆಂಗಳೂರಲ್ಲಿ ಮೆಟ್ರೋ. ಈಗ ಇರುವ ಚಕ್ರದ ಬ್ಯಾಗನ್ನು ಬಸ್ಸಿಗೆ ಹತ್ತಿಸುವಾಗಲೇ ಸೊಂಟ ಹಿಡೀತದೆ. ಬ್ಯಾಕ್‌ಪ್ಯಾಕ್ ತಗೊಳ್ಳಿ ಅಂತಾಳೆ ಮಗಳು. ಸೀರೆ ಉಟ್ಟು ಶಾಲೆ ಮಕ್ಕಳ ಹಾಗೆ ಬೆನ್ನಿಗೆ ಚೀಲ ಹಾಕಿದ್ರೆ ನೋಡಿದವರು ನಗಾಡ್ತಾರೋ ಏನೋ. ಹಗುರದ್ದೂ ಆಗ್ಬೇಕು, ಬಾಳಿಕೆಯೂ ಬರ್ಬೇಕು, ಹೇಗೆ ನೋಡಿ ತಗೊಳ್ಳುವುದು?

ಉತ್ತರ: ಟೀಚರೇ, ಬೆಳಿಗ್ಗೆ ಕಾಸರಗೋಡು ಸ್ಟೇಷನಿನಲ್ಲಿ ಮಂಗಳೂರು ಕಡೆ ಹೋಗುವ ಟ್ರೈನಿನ ಹೊತ್ತಿಗೆ ಒಮ್ಮೆ ನಿಂತು ನೋಡಿ, ಸೀರೆ ಉಟ್ಟು ಬೆನ್ನಿಗೆ ಬ್ಯಾಗ್ ಹಾಕಿದವರು ಬೇಕಾದಷ್ಟು ಸಿಗ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಸೆರಗಿಗೆ ಒಂದು ಪಿನ್ ಜಾಸ್ತಿ ಬೇಕು, ಅಷ್ಟೆ.

ಚಕ್ರದ ಬ್ಯಾಗು ಏರ್‌ಪೋರ್ಟಿನ ನುಣುಪು ನೆಲಕ್ಕೆ ಸರಿ. ನಮ್ಮ ಬಸ್ಸಿನ ಮೆಟ್ಲು, ಸ್ಟೇಷನಿನ ಮೇಲ್ಸೇತುವೆ, ಮಗಳ ಮನೆ ರಸ್ತೆಯ ಎದ್ದುಹೋದ ಇಂಟರ್‌ಲಾಕ್ ಇದ್ದಲ್ಲೆಲ್ಲ ಅದನ್ನು ಎತ್ತಿಕೊಂಡೇ ಹೋಗ್ಬೇಕಲ್ಲ, ಹ್ಯಾಂಡಲಿನ ಸರಳು, ಚಕ್ರ, ಒಳಗಿನ ಚೌಕಟ್ಟು ಎಲ್ಲ ಸೇರಿ ಚಿಕ್ಕ ಟ್ರಾಲಿ ಕೂಡ ಖಾಲಿ ಇರುವಾಗಲೇ ಎರಡೂವರೆ ಮೂರು ಕಿಲೋ ತೂಗ್ತದೆ. ನಾಲ್ಕು ಸೀರೆಯ ತೂಕ ಅದು! ಎರಡು ರಾತ್ರಿಗೆ ನಾಲ್ಕು ಸೀರೆ ನೀವು ತಗೊಂಡೇ ಹೋಗುವುದಿಲ್ಲ.

ಹಾಗಾಗಿ ನಾನು ಬ್ಯಾಗಿನ ಅಂಗಡಿಯಲ್ಲಿ ಮೊದಲು ಕೇಳುವುದು ರೇಟಲ್ಲ, ಖಾಲಿ ಬ್ಯಾಗಿನ ತೂಕ. ಅಂಗಡಿಯವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ, ಇದೆಂತ ಪ್ರಶ್ನೆ ಅಂತ ಮುಖ ನೋಡ್ತಾರೆ, ನೋಡ್ಲಿ. ಈಗ ಮನೆಯಲ್ಲಿರುವ ಬ್ಯಾಗುಗಳನ್ನು ನೀವೇ ಒಮ್ಮೆ ತೂಗಿ, ಅಡಿಕೆ ತೂಗುವ ತಕ್ಕಡಿ ಹೇಗೂ ಉಂಟಲ್ಲ. ನಿಮ್ಮ ಎರಡು ದಿನದ ಪ್ರಯಾಣಕ್ಕೆ 20ರಿಂದ 25 ಲೀಟರಿನ ಬ್ಯಾಕ್‌ಪ್ಯಾಕ್ ಧಾರಾಳ ಸಾಕು, ಖಾಲಿ ತೂಕ 700 ಗ್ರಾಮಿನ ಒಳಗೆ ಇರ್ಲಿ. ಲೀಟರ್ ಅಂದ್ರೆ ಎಂತ ಲೆಕ್ಕ ಅಂತ ತಲೆಬಿಸಿ ಬೇಡ, ಮನೆಗೆ ತರಿಸುವ ಕುಡಿಯುವ ನೀರಿನ ದೊಡ್ಡ ಕ್ಯಾನ್ 20 ಲೀಟರಿನದ್ದು, ಅಷ್ಟು ಜಾಗ. ದೊಡ್ಡದು ತಗೊಂಡ್ರೆ ಒಳ್ಳೇದಲ್ವಾ, ಬೇಕಾದಾಗ ಆಗ್ತದೆ ಅಂತ ಕಾಣ್ತದೆ, ಆದ್ರೆ ಜಾಗ ಇದ್ರೆ ನಾವು ತುಂಬಿಸದೆ ಬಿಡುವವರೇ ಅಲ್ಲ, 40 ಲೀಟರಿನದ್ದು ತಂದು ನಾನು ಒಂದು ರಾತ್ರಿಗೆ ಮೂರು ಟವೆಲ್ ಹಾಕಿಕೊಂಡು ಹೋದದ್ದುಂಟು.

ಒಟ್ಟು ಎಷ್ಟು ಹೊರಬಹುದು ಅಂತ ಕೇಳಿದ್ರೆ, 2020ರ ಸ್ಕೂಲ್ ಬ್ಯಾಗ್ ಪಾಲಿಸಿಯಲ್ಲಿ ಮಕ್ಕಳ ಚೀಲ ಅವರ ಮೈತೂಕದ 10 ಪರ್ಸೆಂಟಿಗಿಂತ ಜಾಸ್ತಿ ಇರಬಾರದು ಅಂತ ಉಂಟಲ್ಲ, ಟೀಚರಾಗಿ ನಿಮಗೆ ಗೊತ್ತಿರ್ತದೆ. ಅದು ಮಕ್ಕಳಿಗೆ ಹೇಳಿದ್ದು ಸರಿ, ನಾನು ನನಗೂ ಅದನ್ನೇ ಇಟ್ಟುಕೊಂಡಿದ್ದೇನೆ. 55 ಕಿಲೋ ಇರುವವರಿಗೆ ಐದೂವರೆ. ಅದರಲ್ಲಿ ನೀರಿನ ಬಾಟ್ಲಿಯೇ ಒಂದು ಕಿಲೋ ತಿನ್ನುತ್ತದೆ, ಸ್ಟೀಲಿನದ್ದಾದ್ರೆ ಇನ್ನೂ ಜಾಸ್ತಿ. ಅರ್ಧ ಲೀಟರಿನದ್ದು ಇಟ್ಟುಕೊಂಡು ಕುಡಿದ ಹಾಗೆ ತುಂಬಿಸಿ.

ಇನ್ನು ಹೆಗಲಿನ ಪಟ್ಟಿ. ಹೆಗಲು ನೋಯುವುದು ಬರೀ ಭಾರಕ್ಕಲ್ಲ, ಆ ಭಾರ ಎಷ್ಟು ಜಾಗದ ಮೇಲೆ ಕೂರ್ತದೆ ಅನ್ನುವುದಕ್ಕೂ. ಎರಡು ಸೆಂಟಿಮೀಟರಿನ ತೆಳು ಪಟ್ಟಿಗೆ ನೇತಾಡುವ ನಾಲ್ಕು ಕಿಲೋ, ಐದಾರು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಅದೇ ನಾಲ್ಕು ಕಿಲೋ, ಹೆಗಲಿಗೆ ಎರಡೂ ಬೇರೆ ಬೇರೆ. ಪಟ್ಟಿಯೊಳಗಿನ ಸ್ಪಂಜನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಬೆರಳಿಗೆ ಬೆರಳು ತಾಗಿದ್ರೆ ಅದು ಆರು ತಿಂಗಳಲ್ಲಿ ಚಪ್ಪಟೆ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಿದ್ರೆ ಎಂತ ಗೊತ್ತಾಗುವುದಿಲ್ಲ, ಒಂದು ಲೀಟರಿನ ನಾಲ್ಕು ನೀರಿನ ಬಾಟ್ಲಿ ಕೇಳಿ ಒಳಗೆ ಹಾಕಿ ಅಲ್ಲೇ ಹತ್ತು ನಿಮಿಷ ನಡೀರಿ. ಎದೆಯ ಮುಂದೆ ಎರಡು ಪಟ್ಟಿಯನ್ನು ಜೋಡಿಸುವ ಸಣ್ಣ ಬೆಲ್ಟ್ ಒಂದಿದ್ರೆ ಒಳ್ಳೇದು, ಸೀರೆಯ ಮೇಲೆ ಪಟ್ಟಿ ಜಾರುವುದು ನಿಲ್ತದೆ. ಭಾರದ ಸಾಮಾನು ಬೆನ್ನಿಗೆ ತಾಗುವ ಬದಿಗೆ ಬರ್ಬೇಕು, ಬ್ಯಾಗ್ ಸೊಂಟದಿಂದ ಕೆಳಗೆ ಜೋತಾಡ್ಬಾರ್ದು.

ಇನ್ನೊಂದು, ಮೇಲಿಂದ ಮಾತ್ರ ಬಾಯಿ ಇರುವಂಥದ್ದು ಬೇಡ. ರಾತ್ರಿ ಬರ್ತಿನಲ್ಲಿ ಲೈಟ್ ಆಫ್ ಆದ ಮೇಲೆ ಅಡಿಯಲ್ಲಿರುವ ಶಾಲು ತೆಗೀಲಿಕ್ಕೆ ಇಡೀ ಸಂಸಾರ ಹೊರಗೆ ಹಾಕ್ಬೇಕಾಗ್ತದೆ. ಸೂಟ್‌ಕೇಸಿನ ಹಾಗೆ ಮೂರು ಬದಿ ಜಿಪ್ ಬಿಚ್ಚುವಂಥದ್ದು ನೋಡಿ, ಒಳಗಿನ ಬಟ್ಟೆ ತಿಳಿ ಬಣ್ಣದ್ದಿದ್ರೆ ಕನ್ನಡಕದ ಕಪ್ಪು ಡಬ್ಬಿ ಬೇಗ ಸಿಗ್ತದೆ.

ಬಾಳಿಕೆ ಕೇಳಿದಿರಿ. ಲೇಬಲಿನಲ್ಲಿ 210ಡಿ, 420ಡಿ, 600ಡಿ ಅಂತ ಇರ್ತದಲ್ಲ, ಆ ಡಿ ಅಂದ್ರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಮ್ ತೂಗ್ತದೆ ಅನ್ನುವ ಲೆಕ್ಕ. ನಂಬರ್ ಜಾಸ್ತಿಯಾದ ಹಾಗೆ ನೂಲು ದಪ್ಪ, ಬ್ಯಾಗೂ ಭಾರ. ಹಾಗಂತ ನಂಬರೊಂದೇ ನೋಡಿ ತಗೊಳ್ಬೇಡಿ, ಅದೇ ದಪ್ಪದಲ್ಲಿ ಪಾಲಿಯೆಸ್ಟರಿಗಿಂತ ನೈಲಾನ್ ಸಾಮಾನ್ಯವಾಗಿ ಗಟ್ಟಿ. ನಿಮ್ಮ ಉಪಯೋಗಕ್ಕೆ 210 ಅಥವಾ 420ರ ನೈಲಾನ್ ಸಾಕು. ಬ್ಯಾಗ್ ಹಾಳಾಗುವುದು ಬಟ್ಟೆ ಹರಿದು ಅಲ್ಲ, ಜಿಪ್ ಕೈಕೊಟ್ಟು ಇಲ್ಲವೇ ಪಟ್ಟಿಯ ಬುಡದ ಹೊಲಿಗೆ ಬಿಟ್ಟು. ಆ ಬುಡದಲ್ಲಿ ಚೌಕ ಹಾಕಿ ಒಳಗೆ ಗುಣಿಸು ಚಿಹ್ನೆಯ ಹಾಗೆ ಹೊಲಿದಿದ್ದಾರಾ ಅಂತ ನೋಡಿ.

ಮಳೆಯ ವಿಷಯ ನೀವು ಕೇಳ್ಲಿಲ್ಲ, ನಾನೇ ಹೇಳ್ತೇನೆ. ವಾಟರ್‌ಪ್ರೂಫ್ ಅಂತ ಬರೆದದ್ದನ್ನು ನಂಬಿ ನಾನೊಮ್ಮೆ ಆನ್‌ಲೈನಲ್ಲಿ ಒಂದು ತರಿಸಿದ್ದೆ, ಜೂನಿನ ಮಳೆಗೆ ಬಸ್‌ಸ್ಟ್ಯಾಂಡಿನಿಂದ ಸ್ಟೇಷನಿಗೆ ಹೋಗುವಷ್ಟರಲ್ಲಿ ಒಳಗಿದ್ದ ಫೈಲು ಒದ್ದೆ, ಮಡಚಿದ ಸೀರೆ ಒದ್ದೆ, ಬ್ಯಾಗಿನ ಬಟ್ಟೆ ಮಾತ್ರ ಹೊಳೀತಾ ಇತ್ತು. ಬಟ್ಟೆ ನೀರು ಬಿಡುವುದಿಲ್ಲ ಸರಿ, ಹೊಲಿಗೆಯ ತೂತು ಮತ್ತೆ ಜಿಪ್ಪು ಬಿಡ್ತದೆ. ಮೇಲೆ ಹಾಕುವ ರೈನ್ ಕವರಿನಲ್ಲೂ ಬೆನ್ನಿನ ಬದಿ ತೆರೆದೇ ಇರ್ತದೆ, ಕೊಡೆಯಿಂದ ಇಳಿದ ನೀರು ಸೀದಾ ಅಲ್ಲಿಗೆ. ಇದಕ್ಕೆ ಮದ್ದು ಒಂದು ದಪ್ಪದ ಪ್ಲಾಸ್ಟಿಕ್ ತೊಟ್ಟೆ, ಬ್ಯಾಗಿನ ಹೊರಗಲ್ಲ, ಒಳಗೆ. ಬಟ್ಟೆಯೆಲ್ಲ ಅದರೊಳಗೆ ಹಾಕಿ ಬಾಯಿ ಮಡಚಿಬಿಟ್ಟರೆ ಶಟರ್ ಇಳಿಸಿದ ಬಸ್ಸಿನಲ್ಲಿ ಪಕ್ಕದವರ ಕೊಡೆ ಸೋರಿದ್ರೂ ಹೆದರಿಕೆ ಇಲ್ಲ.

ಕೊನೆಗೆ ಅಸಲು ವಿಷಯ. ಹೋಗುವಾಗ ಮಗಳಿಗೆ ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ, ನಾಲ್ಕು ತೆಂಗಿನಕಾಯಿ ಇರ್ತದಲ್ಲ? ಸುಲಿದ ಕಾಯಿ ಒಂದಕ್ಕೆ ಅರ್ಧ ಕಿಲೋದ ಆಸುಪಾಸು, ಅದನ್ನು ಬೆನ್ನಿಗೆ ಹಾಕಿದ್ರೆ ಯಾವ ಬ್ಯಾಗೂ ಹಗುರ ಆಗುವುದಿಲ್ಲ. ಅದಕ್ಕೆ ಬೇರೆ ಬಟ್ಟೆ ಸಂಚಿ ಮಾಡಿ, ಬರುವಾಗ ಮಡಚಿ ಬ್ಯಾಗಿಗೆ ತುರುಕಿ. ಬೆಂಗಳೂರಲ್ಲಿ ತೆಂಗಿನಕಾಯಿ ಸಿಗ್ತದಲ್ಲ ಅಂತ ನಾನು ಹೇಳುವುದಿಲ್ಲ, ನಮ್ಮಮ್ಮನಿಗೆ ಹೇಳಿ ಬೈಗಳು ತಿಂದಾಗಿದೆ.

ಪ್ರಶ್ನೆ: ಅಕ್ಕಾ, ನಾನು ಉಪ್ಪಳದವಳು. ಪ್ರತಿ ಶನಿವಾರ ಮಂಗಳೂರಿಗೆ ಕ್ಲಾಸಿಗೆ ಹೋಗಿ ಸಂಜೆ ಬರ್ತೇನೆ. ಒಂದೇ ಹೆಗಲಿಗೆ ನೇತಾಕುವ ಟೋಟ್ ಬ್ಯಾಗ್ ಹಾಕಿ ಎಡ ಹೆಗಲು ನೋವು ಶುರುವಾಗಿದೆ. ಅಡ್ಡಕ್ಕೆ ಹಾಕುವ ಸ್ಲಿಂಗ್ ಬ್ಯಾಗ್ ಆಗ್ಬಹುದಾ? ಹಿಂದಿನ ರೆಕ್ಸಿನ್ ಬ್ಯಾಗ್ ಎರಡು ವರ್ಷದಲ್ಲಿ ಸಿಪ್ಪೆ ಸುಲಿದು ಹೋಯ್ತು, ಅದೂ ಕಪಾಟಿನಲ್ಲಿ ಇಟ್ಟಲ್ಲೇ!

ಉತ್ತರ: ಟೋಟ್ ಜಾರದ ಹಾಗೆ ನಾವು ಗೊತ್ತಿಲ್ಲದೇ ಆ ಬದಿಯ ಹೆಗಲನ್ನು ಇಡೀ ದಿನ ಎತ್ತಿ ಹಿಡೀತೇವೆ ತಂಗೀ, ನೋವು ಬರುವುದು ಅದರಿಂದ. ಅಡ್ಡಕ್ಕೆ ಹಾಕಿದ್ರೆ ಆ ಎತ್ತುವ ಕೆಲಸ ತಪ್ಪುತ್ತದೆ, ಆದ್ರೂ ಭಾರ ಒಂದೇ ಹೆಗಲಿಗೆ, ಕುತ್ತಿಗೆಯ ಬುಡಕ್ಕೆ. ಹಾಗಾಗಿ ಫೋನು, ಪರ್ಸು, ಮಡಚುವ ಕೊಡೆ, ಒಂದು ನೋಟ್‌ಬುಕ್, ಹೆಚ್ಚೆಂದ್ರೆ ಎರಡು ಕಿಲೋ ತನಕ ಸ್ಲಿಂಗ್ ಸರಿ, ಹೋಗುವಾಗ ಒಂದು ಬದಿ ಬರುವಾಗ ಇನ್ನೊಂದು ಬದಿ ಬದಲಿಸ್ತಾ ಇರಿ. ಲ್ಯಾಪ್‌ಟಾಪ್, ದಪ್ಪ ಪುಸ್ತಕ ಉಂಟಾದ್ರೆ ಎರಡು ಹೆಗಲಿನದ್ದೇ ಬೇಕು, 12 ರಿಂದ 15 ಲೀಟರಿನದ್ದು, ಅದಕ್ಕಿಂತ ದೊಡ್ಡದು ಬೇಡ. ಸ್ಲಿಂಗ್ ತಗೊಂಡ ಮೇಲೂ ನೋವು ಹೋಗದಿದ್ರೆ ಬ್ಯಾಗ್ ಬದಲಿಸ್ತಾ ಕೂರ್ಬೇಡಿ, ಡಾಕ್ಟರಿಗೆ ತೋರಿಸಿ.

ರೆಕ್ಸಿನ್ ಸಿಪ್ಪೆ ಏಳುವುದು ನಿಮ್ಮ ತಪ್ಪಲ್ಲ, ನಮ್ಮ ಊರಿನ ಹವೆ. ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೇ ಮೆಲ್ಲ ಒಡೀತಾ ಬರ್ತದೆ, ಉಪಯೋಗಿಸದೆ ಇಟ್ರೂ. ಅಗ್ಗದ ನೈಲಾನ್ ಬ್ಯಾಗಿನ ಒಳಬದಿ ನಾಲ್ಕೈದು ವರ್ಷದ ಮೇಲೆ ಅಂಟಂಟಾಗಿ ಹುಡಿ ಉದುರುವುದೂ ಇದರಿಂದಲೇ. ಅಸಲಿ ಚರ್ಮ ಭಾರ, ಮೇಲಿಂದ ಜೋರು ಮಳೆಯ ಆಟಿ ತಿಂಗಳು ಮುಗಿಯುವುದರೊಳಗೆ ಬೂಸ್ಟು. ಹತ್ತಿಯ ಕ್ಯಾನ್ವಾಸ್ ನನಗೆ ಇಷ್ಟ, ಒಗೀಬಹುದು, ಆದ್ರೆ ಮಳೆಗೆ ನೀರು ಕುಡಿದು ಭಾರ ಆಗ್ತದೆ, ಮತ್ತೆ ಎರಡು ದಿನ ಒಣಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ನೈಲಾನ್, ಬೇಸಗೆಗೆ ಕ್ಯಾನ್ವಾಸ್, ನನ್ನ ಕ್ರಮ ಇದು. ಎತ್ತಿಡುವಾಗ ತೊಟ್ಟೆಯೊಳಗೆ ಕಟ್ಟಿ ಇಡ್ಬೇಡಿ, ಒಳಗೆ ಹಳೇ ಪೇಪರ್ ತುಂಬಿಸಿ ಗಾಳಿಯಾಡುವಲ್ಲಿ ನೇತಾಕಿ.

ಪ್ರಶ್ನೆ: ಕುಂಬಳೆಯಿಂದ ಬರೀತಿದ್ದೇನೆ. ಆಂಟಿ ಥೆಫ್ಟ್ ಅಂತ ನಂಬರ್ ಲಾಕ್ ಇರುವ ಬ್ಯಾಗಿಗೆ ಡಬಲ್ ರೇಟ್ ಹೇಳ್ತಾರೆ. ತಗೊಂಡ್ರೆ ಪ್ರಯೋಜನ ಉಂಟಾ? ಜಿಪ್ ಯಾವುದು ಒಳ್ಳೇದು?

ಉತ್ತರ: ಲಾಕಿಗೆ ದುಡ್ಡು ಹಾಕ್ಬೇಡಿ ಅಣ್ಣ. ಅದರಲ್ಲಿ ಉಪಕಾರಕ್ಕೆ ಬರುವುದು ಬೆನ್ನಿಗೆ ತಾಗುವ ಬದಿಯ ಗುಟ್ಟಿನ ಪಾಕೆಟ್ ಒಂದೇ, ಅದು ಸಾದಾ ಬ್ಯಾಗಿನಲ್ಲೂ ಸಿಗ್ತದೆ. ರಶ್ಶಿದ್ದಲ್ಲಿ ಬ್ಯಾಗನ್ನು ಎದೆಯ ಮೇಲೆ ತಂದುಕೊಳ್ಳಿ, ನಿಂತು ಹೋಗುವಾಗ ಹಿಂದಿನವರ ಮುಖಕ್ಕೆ ತಾಗುವುದೂ ತಪ್ತದೆ. ಜಿಪ್ಪಿನ ಓಡುವ ತುಂಡಿನ ಹಿಂದೆ ಹೆಚ್ಚಾಗಿ 5, 8, 10 ಅಂತ ನಂಬರ್ ಇರ್ತದೆ, ಮುಚ್ಚಿದಾಗ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ಸಣ್ಣ ಬ್ಯಾಗಿಗೆ 5 ಸಾಕು, ದೊಡ್ಡ ಬಾಯಿಗೆ 8 ಇರ್ಲಿ. ಕಡಲ ಬದಿಯ ನಮಗೆ ಮೆಟಲ್ ಹಲ್ಲಿಗಿಂತ ನೈಲಾನ್ ಸುರುಳಿಯದ್ದು ಒಳ್ಳೇದು, ಉಪ್ಪುಗಾಳಿಗೆ ಹಿಡ್ಕೊಳ್ಳುವುದಿಲ್ಲ. ಜಿಪ್ ಹಲ್ಲು ಬಿಟ್ಕೊಂಡ್ರೆ ಬ್ಯಾಗ್ ಬಿಸಾಡ್ಬೇಡಿ, ಹೆಚ್ಚಾಗಿ ಸವೆದಿರುವುದು ಓಡುವ ತುಂಡು ಮಾತ್ರ, ಚಪ್ಪಲಿ ರಿಪೇರಿಯವರು ಬದಲಿಸಿ ಕೊಡ್ತಾರೆ.

ಪ್ರಶ್ನೆ: ಕಣ್ಣೂರಿನಿಂದ ವಿಮಾನದಲ್ಲಿ ಹೋಗುವಾಗ 20-25 ಲೀಟರಿನ ಬ್ಯಾಕ್‌ಪ್ಯಾಕನ್ನು ಕೈಯಲ್ಲಿ ಬಿಡ್ತಾರಾ?

ಉತ್ತರ: ಬಿಡ್ತಾರೆ. ದೇಶದೊಳಗಿನ ಇಕಾನಮಿ ಟಿಕೇಟಿಗೆ ಕೈಬ್ಯಾಗ್ ಸಾಮಾನ್ಯವಾಗಿ 7 ಕಿಲೋ ತನಕ, ಟಿಕೇಟಿನಲ್ಲಿ ಬರೆದಿರ್ತದೆ, ಒಮ್ಮೆ ನೋಡಿ. ಚೆಕ್‌ಇನ್‌ಗೆ ಬೇರೆ ಬ್ಯಾಗ್ ಕೊಡುವುದಾದ್ರೆ ಪವರ್ ಬ್ಯಾಂಕ್ ಮಾತ್ರ ಅದರಲ್ಲಿ ಹಾಕ್ಬೇಡಿ, ಕೈಬ್ಯಾಗಿನಲ್ಲೇ ಇರ್ಬೇಕು, ಇಲ್ಲದಿದ್ರೆ ನಿಮ್ಮ ಹೆಸರು ಕೂಗಿ ಕರೆದು ತೆಗೆಸ್ತಾರೆ.