ವಯಸ್ಸಾದ ಅಪ್ಪನ ದೃಷ್ಟಿ ಗಮನಿಸಲು ಮೊಬೈಲ್ ಆಟ ಸಾಕಾ?

ಊರಲ್ಲಿರುವ ಎಪ್ಪತ್ತರ ಅಪ್ಪನ ಮೊಬೈಲಿಗೆ ಕಣ್ಣು ಪರೀಕ್ಷಿಸುವ ಆಟ ಹಾಕಿಕೊಟ್ಟರೆ ಆಸ್ಪತ್ರೆ ಓಡಾಟ ತಪ್ಪುತ್ತದಾ, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ.

ಅಮ್ಮ ತಿಪಟೂರಲ್ಲಿ, ನಾನು ಬೆಂಗಳೂರಲ್ಲಿ. ಅವಳಿಗಾಗ 68. ಊಟವಾದ ಮೇಲೆ ಮೊಬೈಲಲ್ಲಿ ಬಣ್ಣದ ಗುಂಡು ಜೋಡಿಸುತ್ತಾ ಕೂರುತ್ತಿದ್ದಳು. ಹೇಗೂ ಆಡ್ತಾಳಲ್ಲ ಅಂತ, ಮಸುಕಾಗುತ್ತಾ ಚಿಕ್ಕದಾಗುತ್ತಾ ಹೋಗುವ ಆಕಾರಗಳನ್ನು ಹುಡುಕುವ ಆಟವೊಂದನ್ನು ಹಾಕಿಕೊಟ್ಟೆ. ಪ್ರತಿ ಭಾನುವಾರ ಸ್ಕೋರು ವಾಟ್ಸಾಪಿಗೆ ಬರೋದು. ಎಂಟು ತಿಂಗಳು ಏರುತ್ತಲೇ ಹೋಯಿತು. ನಾನು ನಿಶ್ಚಿಂತನಾಗಿ ಆ ವರ್ಷ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲೇ ಇಲ್ಲ.

ದೀಪಾವಳಿಯ ಎಣ್ಣೆಸ್ನಾನದಲ್ಲಿ ಸೀಗೇಪುಡಿ ಬಲಗಣ್ಣಿಗೆ ಹೋಯಿತು. ಆ ಕಣ್ಣು ಮುಚ್ಚಿಕೊಂಡೇ ಬಚ್ಚಲಿಂದ ಆಚೆ ಬಂದವಳು, "ಕಿಟಕಿ ಸರಳು ಯಾಕೋ ಡೊಂಕಾಗಿದೆ ಕಣೋ, ಮಧ್ಯದಲ್ಲಿ ಏನೂ ಕಾಣ್ತಿಲ್ಲ" ಅಂದಳು. ಎಡಗಣ್ಣಿನ ಹಿಂಬದಿಯ ಒಳಪರದೆ, ಅಂದರೆ ರೆಟಿನಾದ ನಟ್ಟನಡುವೆ, ಮ್ಯಾಕುಲಾದಲ್ಲಿ, ಹೊಸ ರಕ್ತನಾಳಗಳು ಬೆಳೆದು ಸೋರುತ್ತಿದ್ದವು. ವಯಸ್ಸಾದವರಿಗೆ ಬರುವ ತೊಂದರೆ. ಕಣ್ಣಿಗೇ ಇಂಜೆಕ್ಷನ್ ಶುರುವಾಯಿತು. ಸೋರುವುದು ನಿಂತಿತು, ಆದರೆ ಹೋದ ನೋಟ ಬರಲಿಲ್ಲ. ಆ ಒಂದು ಕಣ್ಣಲ್ಲಿ ಈಗ ಅವಳಿಗೆ ನನ್ನ ಮುಖ ಗುರುತಾಗುವುದಿಲ್ಲ.

ನನ್ನ ತಪ್ಪೇನು ಅಂದರೆ, ಎರಡೂ ಕಣ್ಣು ಬಿಟ್ಟುಕೊಂಡು ಆಡಲು ಬಿಟ್ಟೆ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣೇ ಕೆಲಸ ಮಾಡುತ್ತದೆ, ಕೆಟ್ಟ ಕಣ್ಣಿನ ಕೊರತೆಯನ್ನು ಮಿದುಳು ಮುಚ್ಚಿಹಾಕುತ್ತದೆ. ಎಂಟು ತಿಂಗಳು ನಾನು ನೋಡಿದ್ದು ಅವಳ ಬಲಗಣ್ಣಿನ ಸ್ಕೋರು. ಅದೂ ಪೂರ್ತಿ ಕಣ್ಣಿನದಲ್ಲ. ಯಾವ ಆಟವಾದರೂ ಆಡಿ ಆಡಿ ಕೈ ಪಳಗುತ್ತದೆ, ಅಂಕ ಏರುತ್ತದೆ. ಪಳಗಿದ ಕೈಯನ್ನು ನಾನು ಚೆನ್ನಾಗಿರುವ ಕಣ್ಣು ಅಂದುಕೊಂಡೆ. "ಒಂದು ಕಣ್ಣು ಮುಚ್ಚಿಕೊಂಡು ಆಡಮ್ಮ" ಅಂತ ಒಂದು ಮಾತು ಹೇಳಿದ್ದರೆ ಮೊದಲ ತಿಂಗಳುಗಳಲ್ಲೇ ಗೊತ್ತಾಗುತ್ತಿತ್ತೇನೋ. ಈ ಕಾಯಿಲೆಯಲ್ಲಿ ವಾರಗಳೂ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ ಯಾವ ಆ್ಯಪ್ ಅನ್ನುವುದು ಪ್ರಶ್ನೆಯೇ ಅಲ್ಲ. ಆಸ್ಪತ್ರೆ ತಪ್ಪಿಸಲು ಆಟ ಹಾಕುವುದಾದರೆ ದಯವಿಟ್ಟು ಹಾಕಬೇಡಿ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ನೋವಿಲ್ಲದೆ ಅಂಚಿನಿಂದ ನೋಟ ತಿನ್ನುತ್ತಾ ಬರುತ್ತದೆ, ಅಂಗೈಯಗಲದ ಪರದೆಯ ಆಟದಲ್ಲಿ ಅದು ಸಿಕ್ಕಿಬೀಳುತ್ತದೆ ಅಂತ ನಂಬಿ ಕೂರಬೇಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರಂತೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು. ಎರಡು ಭೇಟಿಗಳ ನಡುವೆ ಕಣ್ಣಿಡಲು ಮಾತ್ರ ಆಟ.

ನಮ್ಮ ಮನೆಯಲ್ಲಿ ಈಗ ಆಟಕ್ಕಿಂತ ಮೊದಲು ಆಮ್ಸ್ಲರ್ ಚೌಕ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದದ್ದು: 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಮನೆಗಳು, ನಡುವೆ ಒಂದು ಚುಕ್ಕಿ. ಓದುವ ಕನ್ನಡಕ ಹಾಕಿ, ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೊಂದೇ ಕಣ್ಣಲ್ಲಿ ಚುಕ್ಕಿಯನ್ನೇ ನೋಡುತ್ತಾ, ಗೆರೆಗಳು ಡೊಂಕಾಗಿ ಕಾಣುತ್ತವಾ ಅಂತ ಗಮನಿಸಬೇಕು. ಅಮ್ಮ ಅದನ್ನು ರಂಗೋಲಿ ಕಾಗದ ಅನ್ನುತ್ತಾಳೆ. ಆಮೇಲೆ ಆಟ, ಅದೇ ಕುರ್ಚಿ, ಅದೇ ಬೆಳಕು. ಮೊಬೈಲಿನ ಬೆಳಕು ತಾನಾಗಿ ಹೆಚ್ಚು ಕಡಿಮೆ ಆಗದಂತೆ ಆರಿಸಿಟ್ಟಿದ್ದೇನೆ. ಕಣ್ಣನ್ನು ಒತ್ತದೆ ಅಂಗೈಯಿಂದ ಮರೆ ಮಾಡುತ್ತಾಳೆ. ಎಡ, ಬಲ ಅಂತ ಎರಡು ಅಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಒಂದು ಇಳಿದು ಇನ್ನೊಂದು ಇಳಿಯದಿದ್ದರೆ ನನಗೆ ಫೋನು.

ಇವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿ. ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲು ಹೇಳಿ. ಒಂದು ಕಣ್ಣಿಗಾದರೂ ಡೊಂಕಾಗಿ ಕಂಡರೆ ನಾಳೆ ಬೆಳಗ್ಗೆಯ ಬಸ್ಸಿಗೇ ಊರಿಗೆ ಹೊರಡಿ.