ಓದುಗರ ಪ್ರಶ್ನೆ: ಫ್ಲಾರೆನ್ಸ್‌ನ ಗುಮ್ಮಟ, ಸೋಮವಾರದ ಬೀಗ, ಕಾರಿನ ದಂಡ

ಗೋಲಗುಮ್ಮಟ ಹತ್ತಿದ ರೂಢಿಯಿದೆ. ಅರವತ್ತು ದಾಟಿದ ಅಪ್ಪ-ಅಮ್ಮನನ್ನು ಇಟಲಿಯ ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟಕ್ಕೆ ಕರೆದೊಯ್ಯಬಹುದೇ? ಟಿಕೆಟ್ ಅಲ್ಲೇ ಸಿಗುತ್ತದೆಯೇ? (ವಿಜಯಪುರ)

ವಯಸ್ಸು ಅಡ್ಡಿಯಲ್ಲ. ಮಂಡಿ ನೋವು, ಹೃದಯದ ತೊಂದರೆ, ಇಕ್ಕಟ್ಟಿನಲ್ಲಿ ಉಸಿರುಗಟ್ಟುವ ಭಯ ಇದ್ದರೆ ಮಾತ್ರ ಬೇಡ. ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ. ಅರ್ಧಕ್ಕೆ ಬಂದು ಸಾಕೆನಿಸಿದರೆ ಹಿಂದೆ ಬರುವವರ ಸಾಲನ್ನು ಸೀಳಿಕೊಂಡು ಇಳಿಯುವುದು ಸುಲಭವಲ್ಲ.

ಗೋಲಗುಮ್ಮಟದಲ್ಲಿ ಮೆಟ್ಟಿಲುಗಳಿರುವುದು ಮೂಲೆಯ ಗೋಪುರಗಳೊಳಗೆ; ಅವು ಗುಮ್ಮಟದ ಬುಡಕ್ಕೆ ಮುಗಿಯುತ್ತವೆ. ಇಲ್ಲಿ ಹತ್ತುವುದು ಗುಮ್ಮಟದ ಒಳಗೇ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ ಈ ಗುಮ್ಮಟಕ್ಕೆ ಒಳಗೊಂದು, ಹೊರಗೊಂದು ಎಂದು ಎರಡು ಪದರ. ಮೆಟ್ಟಿಲು ಅವುಗಳ ನಡುವಿನ ಸಂದಿಯಲ್ಲಿದೆ. ಮೇಲೇರಿದಂತೆ ಗೋಡೆ ತಲೆಯ ಮೇಲೆ ವಾಲುತ್ತದೆ, ಎತ್ತರದವರು ಬಗ್ಗಿಯೇ ನಡೆಯಬೇಕು. ಅಲ್ಲಲ್ಲಿ ಮೇಲೆ ಗಾರೆ ಬಳಿಯದ ಇಟ್ಟಿಗೆ ಕಾಣುತ್ತದೆ, ಒಂದು ನಿಮಿಷ ನಿಂತು ನೋಡಿ. ಅಡ್ಡ ಜೋಡಿಸಿದ ಇಟ್ಟಿಗೆಗಳ ನಡುವೆ ಆಗಾಗ ಒಂದನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಸುಣ್ಣ ಗಟ್ಟಿಯಾಗುವವರೆಗೆ ಹೊಸ ಸಾಲು ಜಾರದಂತೆ ಹಿಡಿದಿಟ್ಟದ್ದು ಈ ನೆಟ್ಟಗಿನ ಇಟ್ಟಿಗೆಗಳೇ. ನೆಲದಿಂದ ಮರದ ಆಸರೆ ಎಬ್ಬಿಸದೆ ಸುಮಾರು 45 ಮೀಟರ್ ಅಗಲದ ಗುಮ್ಮಟ ಮುಚ್ಚಲು ಸಾಧ್ಯವಾದದ್ದು ಈ ಉಪಾಯದಿಂದ.

ಟಿಕೆಟ್ ಅಲ್ಲೇ ಕೊಳ್ಳುವ ಯೋಚನೆ ಬಿಡಿ. ಗುಮ್ಮಟಕ್ಕೆ ‘ಬ್ರುನೆಲೆಸ್ಕಿ ಪಾಸ್’ ಬೇಕು, ಅದನ್ನು ಅಧಿಕೃತ ಜಾಲತಾಣದಲ್ಲಿ ವಾರಗಳ ಮೊದಲೇ ಕಾಯ್ದಿರಿಸಿ. ಎಲ್ಲರೂ ಎಡವುವುದು ಒಂದು ಕಡೆ: ಪಾಸ್ ಮೂರು ದಿನ ನಡೆಯುತ್ತದೆ ನಿಜ, ಆದರೆ ಗುಮ್ಮಟ ಹತ್ತುವ ದಿನ, ಹೊತ್ತು ಮಾತ್ರ ನಿಗದಿ. ತಪ್ಪಿಸಿಕೊಂಡರೆ ಹೋಯಿತು. ಇನ್ನೊಂದು ಎಡವಟ್ಟು, ಮುಂಬಾಗಿಲಿನ ಉದ್ದ ಸಾಲಿನಲ್ಲಿ ನಿಲ್ಲುವುದು. ಅದು ಕೆಥೆಡ್ರಲ್‌ನ ಉಚಿತ ಪ್ರವೇಶದ ಸಾಲು. ಗುಮ್ಮಟದ ಬಾಗಿಲು ಉತ್ತರ ಪಕ್ಕದಲ್ಲಿದೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಭುಜ, ಮಂಡಿ ಮುಚ್ಚಿರಬೇಕು. ಸೀರೆಗೆ ಆಕ್ಷೇಪವಿಲ್ಲ, ಆದರೆ ಆ ಸುರುಳಿ ಮೆಟ್ಟಿಲಿಗೆ ಚೂಡಿದಾರ್, ಹಿಡಿತವಿರುವ ಶೂ ವಾಸಿ.

ಪಕ್ಕದ ಜೊತ್ತೊ ಗಂಟೆಗೋಪುರಕ್ಕೆ 414 ಮೆಟ್ಟಿಲು. ನಡುನಡುವೆ ಅಂತಸ್ತುಗಳಿರುವುದರಿಂದ ದಣಿವಾರಿಸಿಕೊಳ್ಳಬಹುದು, ಮೇಲಿಂದ ಗುಮ್ಮಟವೂ ಪೂರ್ತಿ ಕಾಣುತ್ತದೆ. ಹಿರಿಯರಿಗೆ ನಮ್ಮ ಸಲಹೆ ಇದೇ.

ನಾವು ಅಲ್ಲಿರುವುದು ಸೋಮವಾರ ಒಂದೇ ದಿನ. ಡೇವಿಡ್ ವಿಗ್ರಹ ನೋಡಬಹುದೇ? (ಮೈಸೂರು)

ಮೂಲ ವಿಗ್ರಹ ಸಿಗುವುದಿಲ್ಲ. ಅದಿರುವ ಅಕಾಡೆಮಿಯಾ ಗ್ಯಾಲರಿಗೂ, ಉಫೀಝಿ ಕಲಾಸಂಗ್ರಹಾಲಯಕ್ಕೂ ಸೋಮವಾರ ರಜೆ. ಪ್ರವಾಸದ ದಿನ ಹಿಂದೆ-ಮುಂದೆ ಆಗುವಂತಿದ್ದರೆ ಈಗಲೇ ಬದಲಿಸಿ. ಆಗದಿದ್ದರೆ ಪಿಯಾತ್ಸಾ ದೆಲ್ಲಾ ಸಿನ್ಯೊರಿಯಾ ಚೌಕಕ್ಕೆ ಹೋಗಿ. ಮೈಕೆಲೇಂಜೆಲೊ 1504ರಲ್ಲಿ ಮುಗಿಸಿದ ಡೇವಿಡ್ ಮೊದಲು ನಿಂತಿದ್ದು ಅಲ್ಲೇ. ಬಿಸಿಲು-ಮಳೆಯಿಂದ ಕಾಪಾಡಲು 1873ರಲ್ಲಿ ಒಳಗೆ ಸಾಗಿಸಿದರು. ಈಗ ಆ ಜಾಗದಲ್ಲಿರುವುದು ನಕಲು. ದೂರದಿಂದ ವ್ಯತ್ಯಾಸ ತಿಳಿಯದು. ಅದರ ಹಿಂದಿನ ಪಲಾತ್ಸೊ ವೆಕ್ಕಿಯೊ ಅರಮನೆ ಸೋಮವಾರ ತೆರೆದಿರುತ್ತದೆ. ಗೆಲಿಲಿಯೊ, ಮೈಕೆಲೇಂಜೆಲೊ ಸಮಾಧಿಗಳಿರುವ ಸಾಂತಾ ಕ್ರೋಚೆ ಚರ್ಚೂ ಅಷ್ಟೇ. ಅಲ್ಲಿನ ಡಾಂಟೆ ಸ್ಮಾರಕದಲ್ಲಿ ಮಾತ್ರ ಯಾರೂ ಇಲ್ಲ. ಊರು ಗಡೀಪಾರು ಮಾಡಿದ ಕವಿ ಮಣ್ಣಾದದ್ದು ರವೆನ್ನಾದಲ್ಲಿ.

ಮ್ಯೂನಿಕ್‌ನಿಂದ ಕಾರಿನಲ್ಲಿ ಬರುತ್ತೇವೆ. ಹೋಟೆಲ್ ಇರುವುದು ಪೊಂತೆ ವೆಕ್ಕಿಯೊ ಸೇತುವೆಯ ಹತ್ತಿರ. ಪಾರ್ಕಿಂಗ್ ಹೇಗೆ? (ಜರ್ಮನಿಯ ಓದುಗರು)

ಕಾರನ್ನು ಊರ ನಡುವಿಗೆ ತರಬೇಡಿ. ಹಳೆಯ ಫ್ಲಾರೆನ್ಸ್ ಪೂರ್ತಿ ‘ಝಡ್‌ಟಿಎಲ್’, ಅಂದರೆ ಪರವಾನಗಿಯಿಲ್ಲದ ವಾಹನಕ್ಕೆ ನಿರ್ಬಂಧವಿರುವ ವಲಯ. ತಡೆಗೋಲು ಇರುವುದಿಲ್ಲ, ಪೊಲೀಸರೂ ನಿಲ್ಲಿಸುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ದಾರಿ ತಪ್ಪಿ ಎರಡು ಸಲ ಒಳಹೊಕ್ಕರೆ ಎರಡು ದಂಡ, ಚೀಟಿ ಮನೆಗೆ ಬರುವುದು ತಿಂಗಳುಗಳ ನಂತರ. ಮ್ಯಾಪ್ ಆ್ಯಪ್ ಎಚ್ಚರಿಸುತ್ತದೆಂದು ನಂಬಿ ಕೂರಬೇಡಿ.

ಎ1 ಹೆದ್ದಾರಿಯಿಂದ ನೇರ ಪ್ರವೇಶವಿರುವ ವಿಲ್ಲಾ ಕೊಸ್ತಾನ್ತ್ಸಾ ಪಾರ್ಕಿಂಗ್ ತಾಣದಲ್ಲಿ ಕಾರು ಬಿಟ್ಟು, ಅಲ್ಲಿಂದಲೇ ಹೊರಡುವ ಟಿ1 ಟ್ರಾಮ್ ಹಿಡಿದು ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಲ್ಲಿ ಇಳಿಯಿರಿ. ಸೇತುವೆಗೆ ಮುಂದೆ ಹದಿನೈದು ನಿಮಿಷದ ನಡಿಗೆ. ಸಾಮಾನು ಹೆಚ್ಚಿದ್ದು ಹೋಟೆಲ್ ಬಾಗಿಲಿಗೇ ಕಾರು ಬರಬೇಕಿದ್ದರೆ, ನಿಮ್ಮ ನಂಬರನ್ನು ಹೋಟೆಲ್‌ನವರು ನೋಂದಾಯಿಸುತ್ತಾರೆಯೇ ಎಂದು ಮೊದಲೇ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಬಾಗಿಲು ಇರುತ್ತವಂತೆ, ಹೌದೇ? (ಶಿವಮೊಗ್ಗ)

ಹೌದು. ಅಂಗಡಿ, ಊಟದ ಹೋಟೆಲುಗಳಿಗೆ ಕೆಂಪು ಸಂಖ್ಯೆ, ಮನೆಗಳಿಗೆ ಕಪ್ಪು ಅಥವಾ ನೀಲಿ. ಎರಡೂ ಬೇರೆ ಬೇರೆ ಎಣಿಕೆ. ವಿಳಾಸದಲ್ಲಿ ಸಂಖ್ಯೆಯ ಪಕ್ಕ ‘ಆರ್’ ಅಕ್ಷರವಿದ್ದರೆ ಕೆಂಪನ್ನೇ ಹುಡುಕಿ. ಊಟದ ಹೋಟೆಲು 25ಆರ್ ಆಗಿದ್ದು, ನೀವು ಕಪ್ಪು 25ರ ಮುಂದೆ ನಿಂತು ಬಾಗಿಲು ಬಡಿದರೆ ಯಾರದೋ ಮನೆಯವರು ಇಣುಕುತ್ತಾರೆ. ನಿಮ್ಮ ಊಟ ಇನ್ನೂ ಅರ್ಧ ಬೀದಿ ಆಚೆ ಇರಬಹುದು.