ಟೋಕಿಯೋದ ತ್ಸುಕಿಜಿ ಮೀನು ಮಾರುಕಟ್ಟೆ ನೋಡೋಕೆ ಗೈಡ್ ಬೇಕಾ, ನಾವೇ ಸುತ್ತಿದರೆ ಸಾಲದಾ?

ಬರೀ ಹೊಟ್ಟೆ ತುಂಬಿಸಿಕೊಳ್ಳೋದಕ್ಕಾದರೆ ಗೈಡ್ ಬೇಕಿಲ್ಲ. ಏನು ತಿಂತಿದ್ದೀವಿ ಅಂತ ತಿಳಿದು ತಿನ್ನುವ ಆಸೆ ಇದ್ದರೆ ಕೊಟ್ಟ ದುಡ್ಡು ದಂಡ ಅಲ್ಲ.

ಮೊದಲೇ ಒಂದು ಮಾತು. ಸಗಟು ಮಾರುಕಟ್ಟೆ, ಟ್ಯೂನಾ ಮೀನಿನ ಹರಾಜು ಎಲ್ಲ 2018ರ ಅಕ್ಟೋಬರ್‌ನಲ್ಲೇ ಟೋಕಿಯೋದ ಇನ್ನೊಂದು ಜಾಗ ತೊಯೊಸುಗೆ ಹೋಯಿತು. ತ್ಸುಕಿಜಿಯಲ್ಲಿ ಉಳಿದಿರುವುದು ಹೊರ ಮಾರುಕಟ್ಟೆ, ಅಂದ್ರೆ ಇಕ್ಕಟ್ಟಾದ ಓಣಿಗಳಲ್ಲಿ ನೂರಾರು ಅಂಗಡಿ. ಹರಾಜು ತೋರಿಸ್ತೀವಿ ಅಂದರೆ ಎಲ್ಲಿಗೆ ಕರೆದುಕೊಂಡು ಹೋಗ್ತಾರೆ ಅಂತ ಕೇಳಿಯೇ ಬುಕ್ ಮಾಡಿ.

ಗೈಡ್ ಬೆಲೆ ಗೊತ್ತಾಗುವುದು ಟ್ಯೂನಾ ಅಂಗಡಿ ಮುಂದೆ. ಮೀನು ಒಂದೇ. ಆದರೆ ಕೊಬ್ಬು ಕಡಿಮೆ ಇರುವ ಕಡುಗೆಂಪು ಭಾಗ ಅಕಾಮಿಗೂ ಹೊಟ್ಟೆ ಭಾಗದ ತಿಳಿಗುಲಾಬಿ ಒತೊರೊಗೂ ರುಚಿಯಲ್ಲಿ, ರೇಟಿನಲ್ಲಿ ಅಜಗಜಾಂತರ. ಒತೊರೊದಲ್ಲಿ ಕೊಬ್ಬಿನ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಬಾಯಿಗಿಟ್ಟರೆ ಅಗಿಯುವ ಕೆಲಸವೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ತಿನ್ನಿಸುವ ಗೈಡ್ ಸಿಕ್ಕರೆ ನಿಮ್ಮ ಅದೃಷ್ಟ. ಪಕ್ಕದ ನಮಿಯೊಕೆ ದೇಗುಲಕ್ಕೂ ಕರೆದೊಯ್ಯಲು ಹೇಳಿ. ಅಲ್ಲಿ ಸೀಗಡಿಗೂ ಮೊಟ್ಟೆಗೂ ಸ್ಮಾರಕದ ಕಲ್ಲುಗಳಿವೆ!

ಮೀನು ತಿನ್ನದೆ ಮೊಟ್ಟೆ ಮಾತ್ರ ತಿನ್ನುವವರು ಹುಷಾರು. ಕಡ್ಡಿಗೆ ಚುಚ್ಚಿ ಕೊಡುವ ತಮಾಗೊಯಾಕಿ ನೋಡೋಕೆ ಸುಮ್ನೆ ಆಮ್ಲೆಟ್ ಥರ ಇರುತ್ತೆ. ಒಳಗೆ ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರು ಸೇರಿರುತ್ತದೆ.

ಬೆಳಿಗ್ಗೆ ಬೇಗ ಶುರುವಾಗುವ ಟೂರ್ ಆರಿಸಿ. ಮಧ್ಯಾಹ್ನ ಎರಡಕ್ಕೆಲ್ಲ ಬಹಳಷ್ಟು ಅಂಗಡಿ ಬಾಗಿಲು ಹಾಕಿಬಿಡುತ್ತವೆ. ಭಾನುವಾರ ಮತ್ತು ಕೆಲವು ಬುಧವಾರ ರಜೆ ಜಾಸ್ತಿ. ನಡೆಯುತ್ತಾ ತಿನ್ನಬೇಡಿ, ಅಲ್ಲಿ ಅದನ್ನು ಇಷ್ಟಪಡುವುದಿಲ್ಲ. ಕೊಂಡ ಅಂಗಡಿ ಮುಂದೆಯೇ ನಿಂತು ತಿಂದು, ಕಡ್ಡಿ, ತಟ್ಟೆ ಅವರಿಗೇ ಕೊಟ್ಟುಬಿಡಿ. ಜೇಬಿನಲ್ಲಿ ಸ್ವಲ್ಪ ಯೆನ್ ನಗದು ಇರಲಿ.